ಲೋಲಾಕ್ಷಿಯ ಸೋಡಾ ಜೆಲ್ಲಿ

ಜೆಲ್ಲಿ ಮಾಡುವ ದಿನ ಪುಂಜಾಲಕಟ್ಟೆಯ ಲೋಲಾಕ್ಷಿ ಅಡಿಗೆಮನೆಯ ಕಿಟಕಿಗೆ ಗೋಣಿಚೀಲ ನೇತುಹಾಕುತ್ತಾಳೆ. ಹೊಗೆ ಹೋಗಲು ಬೇರೆ ದಾರಿಯಿಲ್ಲ. ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ ಕುದಿಸುತ್ತಾಳೆ. ಗಂಡ ಡೊಂಬಯ್ಯ ರಬ್ಬರ್ ಟ್ಯಾಪಿಂಗ್ ಮುಗಿಸಿ ಬಂದು ನೀರು ಕೇಳಿದರೆ ಚೆಂಬನ್ನು ಬಾಗಿಲ ಸಂದಿನಿಂದ ಚಾಚುತ್ತಾಳೆ.

"ನನ್ನದೇ ಮನೆಯೊಳಗೆ ಬರ್ಲಿಕ್ಕೆ ನನಗೆ ಪಾಸು ಬೇಕಾ ಮಾರಾಯ್ತಿ" ಎಂದು ಅವನು ಒಮ್ಮೆ ಕೇಳಿದ.

"ನಿಮಗೆ ಪೇಟೆಯಲ್ಲಿ ಕೂತರೆ ಬಾಯಿ ನಿಲ್ಲುವುದಿಲ್ಲ. ನಿಮಗೆ ಗೊತ್ತಿಲ್ಲದಿದ್ದರೆ ಊರಿಗೂ ಗೊತ್ತಿಲ್ಲ."

ಹೊರಗಿನವರಿಗೆ ಗೊತ್ತಿದ್ದದ್ದು ಇಷ್ಟು: ಕಿತ್ತಳೆ ರುಚಿಯ ಸೋಡವನ್ನು ಸಕ್ಕರೆ, ನಿಂಬೆಹುಳಿ ಸೇರಿಸಿ ಕುದಿಸಿ, ಗಟ್ಟಿ ಮಾಡಿ, ಗಾಜಿನ ಬಾಟಲಿಗೆ ತುಂಬಿಸುತ್ತಾಳೆ. ಮುಚ್ಚಳ ಬಿಗಿದ ಬಾಟಲಿಗಳನ್ನು ಬಚ್ಚಲಿನ ತಾಮ್ರದ ಹಂಡೆಯಲ್ಲಿ ತಳಕ್ಕೆ ಹಳೆ ಸೀರೆ ಹಾಸಿ ಬೇಯಿಸುತ್ತಾಳೆ. ಹಾಗೆ ಬೇಯಿಸಿದ್ದು ಮಳೆಗಾಲ ಕಳೆದರೂ ಬೂಷ್ಟು ಹಿಡಿಯುವುದಿಲ್ಲ. ಬೆಳಕಿಗೆ ಹಿಡಿದರೆ ಆಚೆಯ ಮನುಷ್ಯ ಕಾಣುತ್ತಾನೆ. ಮಕ್ಕಳು ಬನ್ನಿಗೆ ಹಚ್ಚಿ ತಿನ್ನುತ್ತವೆ, ದೊಡ್ಡವರು ಮಕ್ಕಳಿಗೆಂದು ಕೊಂಡು ಬೆರಳಲ್ಲಿ ತಿನ್ನುತ್ತಾರೆ. ಸೋಡ ಗಟ್ಟಿಯಾಗುವುದು ಯಾವುದರಿಂದ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಇಷ್ಟು ಸಂಶಯ ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ, ಬೀಡಿಯಿಂದ ಬಂದದ್ದು. ಹದಿನಾಲ್ಕನೆಯ ವಯಸ್ಸಿಗೆ ಬೀಡಿ ಕಟ್ಟುವ ಗೆರಸೆ ಮಡಿಲಿಗೆ ಬಂತು. ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ, ನೂಲು ಕಟ್ಟಿ, ಬೀಡಿ ಕಂಪೆನಿಯ ಬ್ರಾಂಚಿಗೆ ಒಯ್ದು ಕೊಟ್ಟರೆ, ಅಲ್ಲಿ ಚೆಕ್ಕರ್ ಒಬ್ಬ ಕುಳಿತಿರುತ್ತಾನೆ. ಅವನು ಕಟ್ಟು ಬಿಚ್ಚಿ, "ಇದು ಸಡಿಲ, ಇದರ ಬಾಯಿ ಸರಿಯಿಲ್ಲ" ಎಂದು ಹಿಡಿ ಬೀಡಿ ಬದಿಗೆ ಸರಿಸುತ್ತಾನೆ. ಬದಿಗೆ ಸರಿದದ್ದು ಕಟ್ಟಿದ ಹೆಂಗಸಿಗೆ ಹಿಂದೆ ಬರುವುದಿಲ್ಲ, ತಿಪ್ಪೆಗೂ ಹೋಗುವುದಿಲ್ಲ. ಒಂದು ದಿನ ತಾನು ಕಟ್ಟಿದ ಬೀಡಿ ಇನ್ನೊಬ್ಬಳ ಕಟ್ಟಿನಲ್ಲಿ ಸೇರಿ ಪಾಸಾದದ್ದನ್ನು ಲೋಲಾಕ್ಷಿ ಕಣ್ಣಾರೆ ಕಂಡಳು. ನೂಲಿನ ಗಂಟು ನೋಡಿಯೇ ಅವಳಿಗೆ ಗೊತ್ತಾಗಿತ್ತು. ನೋಡುತ್ತೇನೆ ಎನ್ನುವವನು ತೆಗೆದುಕೊಳ್ಳಲಿಕ್ಕೇ ನೋಡುವುದು ಎಂದು ಆ ದಿನ ತಲೆಗೆ ಹೋಯಿತು, ಮತ್ತೆ ಹೊರಗೆ ಬರಲಿಲ್ಲ. ಬಿ.ಸಿ.ರೋಡಿನಲ್ಲಿ ಬೀಡಿ ಕಾರ್ಮಿಕರ ಧರಣಿ ನಡೆದಾಗ ಎದುರು ಸಾಲಿನಲ್ಲೇ ಕೂತಿದ್ದಳು. ಮಾಲಕರ ಹತ್ತಿರ ಮಾತಾಡಿ ಹೊರಬಂದ ಸಂಘದವರಾದ ನಮ್ಮನ್ನು ಅವಳು ಕೇಳಿದ್ದು ಬೇಡಿಕೆ ಏನಾಯಿತು ಎಂದಲ್ಲ. "ಒಳಗೆ ಚಹಾ ಕುಡಿದಿರಾ?" ಎಂದು. ಕುಡಿದಿದ್ದೆವು. ಆಮೇಲೆ ಒಂದು ವಾರ ನಮ್ಮ ಮುಖ ನೋಡಲಿಲ್ಲ.

ಈಚೆಗೆ ಬ್ರಾಂಚಿನಲ್ಲಿ ವಾರಕ್ಕೆ ಎರಡು ದಿನ ಎಲೆ ಕೊಟ್ಟರೆ ಹೆಚ್ಚು. ಲೋಲಾಕ್ಷಿ ಪಾಣೆಮಂಗಳೂರಿನ ಅಬ್ದುಲ್ ವಹಾಬರ ಸೋಡಾ ಫ್ಯಾಕ್ಟರಿಗೆ ಬಾಟಲಿ ತೊಳೆಯಲು ಹೋದಳು. ಫ್ಯಾಕ್ಟರಿ ಎಂದರೆ ಒಂದು ಹಂಚಿನ ಮಾಡು, ಎರಡು ಯಂತ್ರ, ಒಂದು ಬಾವಿ. ಮಳೆ ಹಿಡಿದ ಮೇಲೆ ತಣ್ಣಗಿನದ್ದು ಯಾರಿಗೂ ಬೇಡ. ಉಳಿದ ಕಿತ್ತಳೆ ಸೋಡವನ್ನು ವಹಾಬ್ ಕೆಲಸದವರಿಗೆ ಹಂಚುತ್ತಿದ್ದರು. ಹಳತಾದದ್ದನ್ನು ದಾಟಿಸುತ್ತಿದ್ದಾರೆಂದು ಲೋಲಾಕ್ಷಿಗೆ ಸಂಶಯ. ಪ್ರತಿ ಬಾಟಲಿಯ ತಾರೀಕು ನೋಡಿ ಚೀಲಕ್ಕೆ ಹಾಕುತ್ತಿದ್ದಳು.

"ಲೋಲಾಕ್ಷಿಯಕ್ಕ, ವಿಷ ಹಾಕುವುದಾದರೆ ತಾರೀಕು ಸರಿ ನೋಡಿಯೇ ಹಾಕ್ತೇನೆ" ಎಂದು ವಹಾಬ್ ನಗಾಡುತ್ತಿದ್ದರು.

ಅಷ್ಟೆಲ್ಲ ಕುಡಿಯುವವರು ಯಾರು? ಅವಳು ಸಕ್ಕರೆ ಹಾಕಿ ಕಾಯಿಸಿದಳು. ಸೋಡದ ಗ್ಯಾಸು ಬಿಡಿಸದೆ ಒಲೆಗಿಟ್ಟದ್ದರಿಂದ ಅದು ನೊರೆಯೆದ್ದು ಒಲೆಯನ್ನೇ ನಂದಿಸಿತು. ಮರುದಿನ ಎರಡು ಪಾತ್ರೆಯಲ್ಲಿ ಚಹಾದ ಹಾಗೆ ಎತ್ತಿ ಎತ್ತಿ ಸುರಿದು ಗ್ಯಾಸು ತೆಗೆದು ಕಾಯಿಸಿದಳು. ಅಂಟು ಪಾಕ ಬಂತು, ಗಟ್ಟಿಯಾಗಲಿಲ್ಲ.

ಗಟ್ಟಿಯಾಗುವ ದಾರಿ ದನದ ಹಟ್ಟಿಯಲ್ಲಿ ಸಿಕ್ಕಿತು. ಹಲಸಿನ ಕಾಲದಲ್ಲಿ ತೊಳೆ ತೆಗೆದ ಮೇಲೆ ಉಳಿಯುವ ಸಿಪ್ಪೆ, ನಾರುಗಳನ್ನು ಬೇಯಿಸಿ ದನಕ್ಕೆ ಹಾಕುವುದುಂಟು. ಒಂದು ಬೆಳಿಗ್ಗೆ ಬಾನಿಯ ತಳದಲ್ಲಿ ಉಳಿದ ಆ ನೀರು ತಣಿದು ಕೈಯಿಟ್ಟರೆ ಅಲುಗಾಡುವಂತೆ ಹೆಪ್ಪುಗಟ್ಟಿತ್ತು. ದನ ಮೂತಿ ಹಾಕುವ ಮೊದಲೇ ಲೋಲಾಕ್ಷಿ ನೋಡಿದಳು. ಮರುವಾರ ಶುದ್ಧ ಪಾತ್ರೆಯಲ್ಲಿ ಸಿಪ್ಪೆ, ನಾರು ಬೇಯಿಸಿ, ಬಟ್ಟೆಯಲ್ಲಿ ಸೋಸಿ, ಆ ನೀರಿಗೆ ಸೋಡ, ಸಕ್ಕರೆ, ನಿಂಬೆ ಸೇರಿಸಿ ಕುದಿಸಿದಳು. ಸೌಟಿನ ಅಂಚಿನಿಂದ ಹನಿಯಾಗಿ ಬೀಳುತ್ತಿದ್ದದ್ದು ಸ್ವಲ್ಪ ಹೊತ್ತಿನಲ್ಲಿ ಪರದೆಯ ಹಾಗೆ ಇಳಿಯಿತು. ಬಟ್ಟಲಿಗೆ ಹಾಕಿದರೆ ನಿಂತಿತು.

ಕಿಟಕಿಗೆ ಗೋಣಿ ಬಂದದ್ದು ಅಂದಿನಿಂದ. ಗುಟ್ಟು ಕದಿಯುತ್ತಾರೆಂಬ ಹೆದರಿಕೆ ಅರ್ಧ. ಇನ್ನರ್ಧ ಮರ್ಯಾದೆಯದು. ದನದ ಬಾನಿಗೆ ಹೋಗುವುದನ್ನು ನಮಗೆ ತಿನ್ನಿಸಿದಳು ಎಂದು ಒಬ್ಬಳು ಬಾಯಿಬಿಟ್ಟರೆ ಸಾಕು, ಮಾರಿದ ಬಾಟಲಿಯೆಲ್ಲ ಅಂಗಳಕ್ಕೆ ಹಿಂದೆ ಬರುತ್ತದೆ.

ಮೂಡುಬಿದಿರೆಯಲ್ಲಿ ಮಹಿಳಾ ಸಂಘಗಳ ಸಂತೆ ನಡೆದಾಗ ಲೋಲಾಕ್ಷಿ ಜೆಲ್ಲಿ ಇಟ್ಟುಕೊಂಡು ಕೂತಿದ್ದಳು. ಅಲ್ಲಿಯ ಅಡಿಕೆ ವ್ಯಾಪಾರಿ ಅನಂತರಾಜರ ಹೆಂಡತಿ ವಿಮಲಾ ಒಂದು ಬಾಟಲಿ ಕೊಂಡರು. ನಾಲ್ಕು ದಿನ ಕಳೆದು ಫೋನು. ಮಗಳು ತ್ರಿಶಾಳ ಮದುವೆ ಮೇ ತಿಂಗಳಲ್ಲಿ, ಬಂದವರಿಗೆ ಕೊಡಲು ಮುನ್ನೂರು ಸಣ್ಣ ಬಾಟಲಿ ಬೇಕು, ಬಂದು ಮಾತಾಡು.

ಮುನ್ನೂರು ಬಾಟಲಿ ಎಂದರೆ ಮದುವೆಗೆ ಬರುವ ಮುನ್ನೂರು ಮನೆಗಳಿಗೆ ಹೆಸರು ಹೋಗುವುದು. ಮತ್ತೆ ಆ ಚೆಕ್ಕರಿನ ಮುಂದೆ ಗೆರಸೆ ಹಿಡಿದು ನಿಲ್ಲುವ ಕೆಲಸವಿಲ್ಲ. ಈ ಆರ್ಡರು ತಪ್ಪಿದರೆ ಜೂನಿನಿಂದ ಮತ್ತೆ ಅದೇ ಬೆಂಚು, ಅದೇ ಬೆರಳು, ಅದೇ "ಇದು ಸಡಿಲ". ಇದನ್ನು ಅವಳು ಡೊಂಬಯ್ಯನಿಗೂ ಹೇಳಿದಳು. ಅವಳು ಅವನಿಗೆ ಏನಾದರೂ ಹೇಳುವುದೇ ಅಪರೂಪ, ಹಾಗಾಗಿ ಅವನಿಗೆ ವಿಷಯದ ತೂಕ ಗೊತ್ತಾಯಿತು.

ವಿಮಲಾ ತಣ್ಣಗೆ ಮಾತಾಡುವ ಹೆಂಗಸು. ಜೈನರ ಮನೆ, ಕತ್ತಲಾದ ಮೇಲೆ ಉಣ್ಣುವುದಿಲ್ಲ, ಸೋಸದ ನೀರು ಮುಟ್ಟುವುದಿಲ್ಲ.

"ಶುಂಠಿ ಸೋಡದ್ದು ಬೇಡ, ಅದು ನೆಲದಡಿಯ ಗಡ್ಡೆ. ಕಿತ್ತಳೆಯದ್ದೇ ಇರಲಿ. ಇದು ಗಟ್ಟಿಯಾಗ್ಲಿಕ್ಕೆ ಎಂತ ಹಾಕ್ತಿ?"

"ಅದು ಹೇಳುವ ಕ್ರಮ ಇಲ್ಲ ವಿಮಲಕ್ಕ. ಎಲುಬಿನ ಪುಡಿ ಅಲ್ಲ."

"ಎಲುಬು ಅಂತ ನಾನು ಹೇಳ್ಲೇ ಇಲ್ಲವಲ್ಲ."

ಪೇಟೆಯ ಕೆಲವು ಜೆಲ್ಲಿಗಳಿಗೆ ದನದ ಎಲುಬು, ಚರ್ಮದಿಂದ ಮಾಡಿದ ಪುಡಿ ಹಾಕುತ್ತಾರೆಂದು ಸಂತೆಯಲ್ಲಿ ಯಾರೋ ಹೇಳಿದ್ದು ಲೋಲಾಕ್ಷಿಯ ನಾಲಿಗೆಯ ತುದಿಯಲ್ಲಿತ್ತು, ಜಾರಿತು.

"ಇನ್ನು ಹದಿನೈದು ದಿನಕ್ಕೆ ಹನ್ನೆರಡು ಬಾಟಲಿ ಮಾದರಿ ತಾ. ಹಾಕಿದ ಸಾಮಾನನ್ನೂ ತಾ, ನಾನು ನೋಡ್ಬೇಕು. ನೋಡದ್ದನ್ನು ನಮ್ಮಲ್ಲಿ ಬಡಿಸುವುದಿಲ್ಲ."

ನೋಡಬೇಕು. ಲೋಲಾಕ್ಷಿಗೆ ಬೇರೇನೂ ಕೇಳಿಸಲಿಲ್ಲ. ಇವರ ಮನೆಯಲ್ಲಿ ಹಲಸಿಲ್ಲವೇ, ಒಲೆಯಿಲ್ಲವೇ? ಸಿಪ್ಪೆ ತೋರಿಸಿದ ಮರುದಿನವೇ ತಾವೇ ಮಾಡಿಕೊಳ್ಳುತ್ತಾರೆ. ಇಲ್ಲದಿದ್ದರೆ ದನ ತಿನ್ನುವ ಸಾಮಾನೆಂದು ಹೊರಗೆ ದಬ್ಬುತ್ತಾರೆ.

ಮನೆಗೆ ಹೋಗುವ ಮೊದಲೇ ಅವಳು ಉಪಾಯ ಕಂಡುಕೊಂಡಳು. ಮೂಡುಬಿದಿರೆಯಲ್ಲೇ ಬೇಕರಿಯವರಿಗೆ ಸಾಮಾನು ಕೊಡುವ ಅಂಗಡಿಗೆ ಹೋದಳು. ಸಮುದ್ರದ ಪಾಚಿಯಿಂದ ಮಾಡುವ ಚೈನಾ ಗ್ರಾಸ್ ಎಂಬುದೊಂದು ಉಂಟು, ಅದನ್ನು ಎಲ್ಲರೂ ತಿನ್ನುತ್ತಾರೆ, ಅದನ್ನೇ ಹಾಕಿ ತೋರಿಸಿದರೆ ವಿಮಲಾರ ಬಾಯಿ ಮುಚ್ಚುತ್ತದೆ, ಸಿಪ್ಪೆಯ ಗುಟ್ಟು ಉಳಿಯುತ್ತದೆ ಎಂಬ ಲೆಕ್ಕ. ಆದರೆ ಅಂಗಡಿಯವನ ಎದುರು ನಿಂತಾಗ ಹೆಸರು ಹೇಳಿದರೆ ಇವನಿಗೂ ಗೊತ್ತಾಗುತ್ತದಲ್ಲ ಎನಿಸಿತು.

"ಗಟ್ಟಿ ಮಾಡುವ ಪುಡಿ ಉಂಟಾ?"

"ಎಂತದಕ್ಕೆ?"

"ಉಂಟಾ ಇಲ್ಲವಾ, ಅಷ್ಟು ಹೇಳಿ."

ಅವನು ದೊಡ್ಡ ಡಬ್ಬದಿಂದ ನಸುಹಳದಿ ಪುಡಿ ತೆಗೆದು ಬಿಳಿ ಪ್ಲಾಸ್ಟಿಕ್ ತೊಟ್ಟೆಗೆ ಹಾಕಿ ಕಟ್ಟಿದ. ತೊಟ್ಟೆಯ ಮೇಲೆ ಹೆಸರಿಲ್ಲ, ಸಸ್ಯಾಹಾರದ ಹಸಿರು ಚುಕ್ಕೆಯೂ ಇಲ್ಲ, ಮಾಂಸಾಹಾರದ ಕಂದು ಚುಕ್ಕೆಯೂ ಇಲ್ಲ. ಸೋಡದ ತಾರೀಕು ಬಿಡದೆ ನೋಡುವವಳು ಇದನ್ನು ಏನೆಂದು ಕೇಳದೆ ಚೀಲಕ್ಕೆ ಹಾಕಿಕೊಂಡಳು.

ಮನೆಯಲ್ಲಿ ಸಿಪ್ಪೆಯ ನೀರಿನ ಬದಲು ಆ ಪುಡಿ ಹಾಕಿ ಕುದಿಸಿ ಬಾಟಲಿಗೆ ತುಂಬಿದರೆ ನಿಲ್ಲಲಿಲ್ಲ. ಏಪ್ರಿಲ್ ಸೆಕೆ ಎಂದುಕೊಂಡು ಫ್ರಿಜ್ಜಿಗಿಟ್ಟಳು. ಗಟ್ಟಿಯಾಯಿತು. ಮರುದಿನ ಮೊದಲ ಬಸ್ಸಿಗೆ ಹನ್ನೆರಡು ಬಾಟಲಿಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಮೂಡುಬಿದಿರೆಗೆ ಒಯ್ದು, ಉಳಿದ ಪುಡಿಯನ್ನು ಮೇಜಿನ ಮೇಲಿಟ್ಟು, "ಇದು ಚೈನಾ ಗ್ರಾಸ್ ಪುಡಿ, ವಿಮಲಕ್ಕ. ನೋಡಿ" ಎಂದಳು. ವಿಮಲಾ ನೋಡಿದರು. ಮುಟ್ಟಲಿಲ್ಲ, ತಿನ್ನಲೂ ಇಲ್ಲ. ಒಂದು ಬಾಟಲಿಯನ್ನು ಬಿಸಿಲು ಬೀಳುವ ಕಿಟಕಿಯಲ್ಲಿಟ್ಟರು. ಅಲ್ಲಿ ಸಂತೆಯಲ್ಲಿ ಕೊಂಡ ಹಳೆಯ ಬಾಟಲಿಯೂ ಇತ್ತು, ಅರ್ಧ ಖಾಲಿಯಾದದ್ದು.

ಲೋಲಾಕ್ಷಿ ಬಸ್‌ಸ್ಟ್ಯಾಂಡಿನಲ್ಲಿ ಇರುವಾಗಲೇ ಫೋನು ಬಂತು. "ತಿರುಗಿ ಬಾ."

ಮನೆಯ ಚಾವಡಿಯಲ್ಲಿ ವಿಮಲಾ, ಅನಂತರಾಜ, ಮದುವೆಗೆ ಗೊತ್ತುಮಾಡಿದ ಅಡಿಗೆಯ ಜಿನೇಶ್ ಮೂವರೂ ಇದ್ದರು. ಕಿಟಕಿಯಲ್ಲಿ ಎರಡು ಬಾಟಲಿ. ಜಿನೇಶ್ ಹಳೆಯದನ್ನು ಓರೆ ಮಾಡಿದ; ಜೆಲ್ಲಿ ಅಲುಗಲಿಲ್ಲ. ಹೊಸದನ್ನು ಓರೆ ಮಾಡಿದ, ಮುಚ್ಚಳದವರೆಗೆ ಹರಿಯಿತು.

"ಚೈನಾ ಗ್ರಾಸ್ ಬಿಸಿಲಿಗೆ ನೀರಾಗುವುದಿಲ್ಲ ಅಕ್ಕ" ಎಂದ ಜಿನೇಶ್. "ಅದು ಕರಗ್ಬೇಕಾದ್ರೆ ಒಲೆಯ ಮೇಲೆಯೇ ಇಡ್ಬೇಕು. ಕೈಯ ಬಿಸಿಗೆ ಕರಗುವುದು ಎಲುಬಿನದ್ದು."

ಅವನು ಕೆಂಡದ ಮೇಲೆ ಒಂದು ಚಿಟಿಕೆ ಪುಡಿ ಉದುರಿಸಿದ. ಕೂದಲು ಸುಟ್ಟ ವಾಸನೆ ಚಾವಡಿ ತುಂಬಿತು. ವಿಮಲಾ ಸೆರಗು ಮೂಗಿಗೆ ಹಿಡಿದು ಲೋಲಾಕ್ಷಿಯನ್ನೇ ನೋಡುತ್ತಿದ್ದರು.

"ಅದು ಯಾವುದು, ಇದು ಯಾವುದು?"

ಲೋಲಾಕ್ಷಿ ಉತ್ತರ ಹುಡುಕುವ ಮೊದಲೇ ಅನಂತರಾಜ ಒಂದು ಕೊಟ್ಟರು.

"ಸೋಡ ಎಲ್ಲಿಂದ ತರ್ತಿ?"

"ಪಾಣೆಮಂಗಳೂರಿಂದ. ವಹಾಬಾಕನ ಫ್ಯಾಕ್ಟರಿ."

"ಮತ್ತೆಂತ ಹುಡುಕುವುದು?" ಅವರು ಹೆಂಡತಿಯ ಕಡೆ ತಿರುಗಿದರು. "ಅವನದ್ದೇ ಕೆಲಸ. ಅವರು ಎಂತ ಬೇಕಾದ್ರೂ ಬೆರಸ್ತಾರೆ. ಇವಳಿಗೆ ಪಾಪ, ಎಂತ ಗೊತ್ತು? ನೀನು ಬೇರೆ ಕಡೆಯಿಂದ ಸೋಡ ತಾ ಲೋಲಾಕ್ಷಿ, ಆರ್ಡರು ನಿನಗೇ ಇರಲಿ."

ನಮ್ಮ ತಾಲೂಕುಗಳಲ್ಲಿ ಸಂಶಯ ದಾರಿ ಹುಡುಕಿಕೊಂಡು ಹೋಗಬೇಕಾಗಿಲ್ಲ. ಕಾಂಕ್ರೀಟು ಹಾಕಿ ತಯಾರಾಗಿಟ್ಟ ದಾರಿಯುಂಟು, ಯಾವ ವಿಷಯ ಬಿಟ್ಟರೂ ಅದರಲ್ಲೇ ಇಳಿದು ಹೋಗುತ್ತದೆ. ಲೋಲಾಕ್ಷಿ ತಲೆ ಆಡಿಸಿದ್ದರೆ ಸಾಕಿತ್ತು. ಆರ್ಡರು ಉಳಿಯುತ್ತಿತ್ತು, ಸಿಪ್ಪೆಯ ಗುಟ್ಟು ಉಳಿಯುತ್ತಿತ್ತು. ಮುನ್ನೂರು ಮನೆಗಳಿಗೆ ಜೆಲ್ಲಿಯ ಜೊತೆ ಒಂದು ಮಾತೂ ಹೋಗುತ್ತಿತ್ತು, ವಾರದೊಳಗೆ ವಹಾಬರ ಯಂತ್ರ ನಿಲ್ಲುತ್ತಿತ್ತು.

"ಸೋಡದಲ್ಲಿ ಎಂತದೂ ಇಲ್ಲ" ಎಂದಳು ಲೋಲಾಕ್ಷಿ. "ಪುಡಿ ಹಾಕಿದ್ದು ನಾನು. ಇಲ್ಲಿಯ ಅಂಗಡಿಯಿಂದಲೇ ತಂದದ್ದು. ಎಂತ ಅಂತ ಕೇಳದೆ ತಂದೆ."

ಅವಳನ್ನು ದೇವತೆ ಮಾಡುವುದು ಬೇಡ. ವಹಾಬರ ಮೇಲಿನ ಪ್ರೀತಿಯಿಂದ ಹೇಳಿದ್ದಲ್ಲ ಎಂದು ಅವಳೇ ನನಗೆ ಹೇಳಿದಳು. ತನ್ನ ಕೈಯ ಕೆಲಸ ಇನ್ನೊಬ್ಬರ ಹೆಸರಿಗೆ ಹೋಗುವುದು ಅವಳಿಗೆ ಆಗುವುದಿಲ್ಲ. ಕೆಟ್ಟ ಕೆಲಸವಾದರೂ ಆಗುವುದಿಲ್ಲ.

"ಕೇಳದೆ ಯಾಕೆ ತಂದೆ?" ವಿಮಲಾ ಬಿಡಲಿಲ್ಲ. "ಮೊದಲಿನದ್ದಕ್ಕೆ ಎಂತ ಹಾಕಿದ್ದಿ?"

"ಹಲಸಿನ ಸಿಪ್ಪೆ, ನಾರು ಬೇಯಿಸಿದ ನೀರು. ನಾವು ದನಕ್ಕೆ ಹಾಕ್ತೇವಲ್ಲ, ಅದು. ನೀವು ಕದೀತೀರಿ ಅಂತ ಹೇಳ್ಲಿಲ್ಲ. ನೀವು ಹೇಸ್ತೀರಿ ಅಂತಲೂ ಹೇಳ್ಲಿಲ್ಲ."

ಜಿನೇಶ್ ನಗು ತಡೆಯಲಾರದೆ ಕೆಂಡದ ತಟ್ಟೆ ಎತ್ತಿಕೊಂಡು ಹೊರಗೆ ಹೋದ. ಅನಂತರಾಜ ತಲೆಯಾಡಿಸಿದರು. "ಇನ್ನು ಇವಳ ಕೈಯದ್ದು ಬೇಡ. ಮದುವೆ ಮನೆಗೆ ಈ ಮಾತು ಬೇಡ. ಆ ಸೋಡವೂ ಬೇಡ."

ವಿಮಲಾ ಹಳೆಯ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟರು.

"ಹಲಸು ನೆಲದಡಿಯದ್ದಲ್ಲ, ಜೀವ ಕೊಂದು ತೆಗೆದದ್ದಲ್ಲ. ಅದರ ತೊಳೆ ತಿನ್ನುವ ಬಾಯಿಗೆ ಸಿಪ್ಪೆಯ ನೀರು ಹೇಸಿಗೆ ಎಂತ?" ಎಂದು ಗಂಡನಿಗೆ ಹೇಳಿದರು. "ಸೋಡ ಕೆಟ್ಟದ್ದು ಅಂತ ಇವಳು ಹೇಳಿದ್ರೆ ನೀವು ನಂಬ್ತಿದ್ರಿ. ನಾನು ಅದನ್ನೂ ನಂಬ್ತಿರಲಿಲ್ಲ. ನಾನು ನೋಡ್ಬೇಕು. ಬಾವಿಯಿಂದ ನೋಡ್ಬೇಕು."

ಮರುದಿನ ವಿಮಲಾ ಪಾಣೆಮಂಗಳೂರಿಗೆ ಬಂದಿಳಿದರು, ಜೊತೆಗೆ ಜಿನೇಶ್. ನೀರು ಸೋಸುವ ದಪ್ಪ ಬಟ್ಟೆ ಮನೆಯಿಂದಲೇ ತಂದಿದ್ದರು. ಲೋಲಾಕ್ಷಿ ಮೊದಲೇ ಬಂದು ಬಾಗಿಲಲ್ಲಿ ನಿಂತಿದ್ದಳು. ವಹಾಬರಿಗೆ ವಿಷಯ ಏನೆಂದು ಪೂರ್ತಿ ಹೇಳುವ ಧೈರ್ಯ ಅವಳಿಗೆ ಬಂದಿರಲಿಲ್ಲ.

"ನಿಮ್ಮ ನೀರು ನೋಡ್ಬೇಕಿತ್ತು" ಎಂದರು ವಿಮಲಾ.

"ಹೆಲ್ತ್ ಆಫೀಸಿನವರಾ?"

"ಅಲ್ಲ. ಮದುವೆಯವರು."

ವಹಾಬ್ ಲೋಲಾಕ್ಷಿಯನ್ನು ನೋಡಿದರು, ಬಟ್ಟೆಯನ್ನು ನೋಡಿದರು. ಯಾರ ಮೇಲೆ ಸಂಶಯ ಎಂದು ಆ ವಯಸ್ಸಿನ ಬ್ಯಾರಿ ಮುಸಲ್ಮಾನರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. "ನೋಡಿ ಅಕ್ಕ. ಹೆಲ್ತಿನವರು ಕಾಗದ ನೋಡಿ ಹೋಗ್ತಾರೆ. ನೀವಾದ್ರೂ ನೀರು ನೋಡಿ."

ವಿಮಲಾ ಬಾವಿಯ ನೀರು ಸೇದಿಸಿ, ಬಟ್ಟೆಯನ್ನು ಎರಡು ಮಡಿಕೆ ಮಾಡಿ ಸೋಸಿದರು. ಬಟ್ಟೆಯಲ್ಲಿ ಉಳಿದದ್ದನ್ನು ಅವರ ಕ್ರಮದಂತೆ ಅದೇ ಬಾವಿಗೆ ಮಗುಚಿ ತೊಳೆದುಬಿಟ್ಟರು, ಜೀವ ಇದ್ದರೆ ಸಾಯಬಾರದೆಂದು. ಸಕ್ಕರೆ ಮೂಟೆ ಬಿಚ್ಚಿಸಿದರು. ಬಣ್ಣದ ಡಬ್ಬ, ಎಸೆನ್ಸಿನ ಡಬ್ಬಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ಹಸಿರು ಚುಕ್ಕೆ ಹುಡುಕಿದರು. ಒಂದು ಗಂಟೆ ಕಳೆಯಿತು. ವಹಾಬ್ ಸ್ಟೂಲಿನಲ್ಲಿ ಕೂತು, ಪ್ರತಿ ಡಬ್ಬವನ್ನು ತಾವೇ ಮುಂದೆ ಸರಿಸುತ್ತಿದ್ದರು.

"ನನ್ನ ಮದುವೆಯಲ್ಲಿ ಹುಡುಗಿಯನ್ನೂ ಇಷ್ಟು ನೋಡಿರಲಿಲ್ಲ" ಎಂದರು ಕೊನೆಗೆ.

"ಅದು ನಿಮ್ಮ ತಪ್ಪು" ಎಂದರು ವಿಮಲಾ. ಅವರು ನಗಲಿಲ್ಲ. "ಮದುವೆಗೆ ಬೇಕಾದಷ್ಟು ಸೋಡವನ್ನು ನಾಡಿದ್ದು ಬೆಳಿಗ್ಗೆ ಮಾಡಿ. ನೀರು ಈ ಬಟ್ಟೆಯಲ್ಲಿ ಸೋಸಿ. ಜಿನೇಶ್ ಬಂದು ನಿಲ್ತಾನೆ."

ಲೋಲಾಕ್ಷಿಗೂ ಷರತ್ತು ಇತ್ತು. ಜೆಲ್ಲಿ ಮೂಡುಬಿದಿರೆಯಲ್ಲಿ, ವಿಮಲಾರ ಹಿತ್ತಿಲಲ್ಲಿ, ಅವರ ಕಣ್ಣೆದುರು ಆಗಬೇಕು. ಹಲಸು ಕೊಯ್ಯುವುದರಿಂದ ಹಿಡಿದು ಮುಚ್ಚಳ ಬಿಗಿಯುವವರೆಗೆ. ಕತ್ತಲಾಗುವ ಮೊದಲು ಒಲೆ ಆರಬೇಕು. ಜಿನೇಶ್ ಪೂರ್ತಿ ನೋಡಬೇಕು. ಮದುವೆಯ ದಿನ ಹಿರಿಯರು ಇದೆಂತ ಎಂದು ಕೇಳಿದರೆ, ಮಾಡುವುದನ್ನು ಕಣ್ಣಾರೆ ಕಂಡಿದ್ದೇನೆ ಎಂದು ಉತ್ತರ ಹೇಳುವವನು ಅವನೇ.

"ಇವನು ಕಲೀತಾನೆ" ಎಂದಳು ಲೋಲಾಕ್ಷಿ.

"ಕಲಿಯಲಿ. ಗುಟ್ಟಾಗಿ ಮಾಡಿದ್ದರಿಂದ ನಿನಗೆ ಎಂತ ಆಯ್ತು, ನೋಡಿದ್ದೀಯಲ್ಲ."

ಆರ್ಡರು ಬೇಕಾದರೆ ಗುಟ್ಟು ಬಿಡಬೇಕು. ಬ್ರಾಂಚಿನ ಬೆಂಚು ಬೇಕಾದರೆ ಗುಟ್ಟು ಇಟ್ಟುಕೊಳ್ಳಬಹುದು. ಅವಳು ವಹಾಬರ ಬಾವಿಕಟ್ಟೆಯಲ್ಲಿಟ್ಟ ತನ್ನ ಚೀಲ ಎತ್ತಿಕೊಂಡು, "ಹಲಸು ನಿಮ್ಮದಾ, ನಮ್ಮದಾ?" ಎಂದು ಕೇಳಿದಳು.

ನಾಲ್ಕು ದಿನ ಕೆಲಸ ನಡೆಯಿತು. ಕೈಗೆ ತೆಂಗಿನೆಣ್ಣೆ ಹಚ್ಚಿ ಹಲಸು ಬಿಡಿಸಿದರು. ಮೇಣ ಒರೆಸಿ, ಸಿಪ್ಪೆಯ ಮುಳ್ಳು ಕೆತ್ತಿ, ನಾರಿನ ಜೊತೆ ಕೊಚ್ಚಿ ಬೇಯಿಸಿದರು. ಅನಂತರಾಜ ಜಗಲಿಯಿಂದ ನೋಡಿ ಒಳಗೆ ಹೋದವರು ಹಿತ್ತಿಲಿಗೆ ಬರಲಿಲ್ಲ. ಲೋಲಾಕ್ಷಿ ಜಿನೇಶನಿಗೆ ಬೆನ್ನು ಹಾಕಿ ಕುದಿಸಲು ನೋಡಿದಳು. ಅವನು ಸುತ್ತಿ ಬಂದು ಎದುರು ನಿಂತ. ಎರಡನೆಯ ದಿನ ನಿಂಬೆ ಹಿಂಡುವಾಗ ಅವನು ಎಣಿಸುತ್ತಿದ್ದಾನೆಂದು ಗೊತ್ತಾಗಿ, ಬೇಕೆಂದೇ ಒಂದು ನಿಂಬೆ ಹೆಚ್ಚು ಹಿಂಡಿದಳು. ಆ ಪಾಕ ಹುಳಿಯಾಯಿತು. ಮತ್ತೊಮ್ಮೆ ಮಾಡಬೇಕಾಯಿತು. ವಿಮಲಾ ನೋಡುತ್ತಿದ್ದರು, ಏನೂ ಹೇಳಲಿಲ್ಲ. ಹೇಳಿದ್ದರೆ ವಾಸಿಯಿತ್ತು ಎಂದು ಲೋಲಾಕ್ಷಿಗೆ ಅನಿಸಿತು.

ಬಾಟಲಿಗಳನ್ನು ಮೂರು ದಿನ ಬಿಸಿಲಲ್ಲಿ ಇಟ್ಟರು. ಆಮೇಲೆ ವಿಮಲಾ ಮುನ್ನೂರನ್ನೂ ಒಂದೊಂದಾಗಿ ಓರೆ ಮಾಡಿದರು. ಲೋಲಾಕ್ಷಿ ಪಕ್ಕದಲ್ಲಿ ನಿಂತು ಅವರ ಬೆರಳನ್ನೇ ನೋಡುತ್ತಿದ್ದಳು. ಒಂದೂ ಬದಿಗೆ ಸರಿಯಲಿಲ್ಲ. ಆ ವಾರ ಬ್ರಾಂಚಿನಲ್ಲಿ ಎಲೆ ಕೊಟ್ಟರು, ಲೋಲಾಕ್ಷಿ ಹೋಗಲಿಲ್ಲ. ಅದರ ಮುಂದಿನ ವಾರವೂ ಹೋಗಲಿಲ್ಲ.

ಸಾಮಾನು ಕಟ್ಟಿ ಹೊರಡುವಾಗ ಜಿನೇಶ್ ಗೇಟಿನ ಹತ್ತಿರ ತಡೆದ.

"ಅಕ್ಕ, ನಿಮ್ಮ ನಂಬರ್ ಕೊಡಿ. ವೇಣೂರಿನಲ್ಲಿ ಎರಡು ಮದುವೆ ಉಂಟು, ಕಾರ್ಕಳದಲ್ಲಿ ಒಂದು. ಹೇಳ್ತೇನೆ."

"ನೀನೇ ಮಾಡು. ನಾಲ್ಕು ದಿನ ನೋಡಿದ್ದೀಯಲ್ಲ."

"ನೋಡಿದೆ. ನಾನು ಅಡಿಗೆಯವ ಅಕ್ಕ. ದನಕ್ಕೆ ಹಾಕುವ ಸಿಪ್ಪೆಯನ್ನು ನಾನೇ ಬೇಯಿಸಿ ಬಡಿಸಿದೆ ಅಂತ ನನ್ನ ಬಾಯಿಂದ ಹೇಳಿದ್ರೆ ನಾಳೆಯಿಂದ ನನಗೆ ಯಾರು ಸೌಟು ಕೊಡ್ತಾರೆ? ನೀವಾದ್ರೆ ಹೇಳ್ಬಹುದು. ನೀವು ಹೇಳಿ ಆಗಿದೆ."

ಅವನ ಮಾತು ಅವಳಿಗೆ ನ್ಯಾಯವಾಗಿಯೇ ಕಂಡಿತು. ಆದರೂ ನಂಬಲಿಲ್ಲ. ನಂಬರ್ ಕೊಟ್ಟಳು. ತನ್ನದಲ್ಲ, ಗಂಡ ಡೊಂಬಯ್ಯನದ್ದು.